ಘಟ್ಟದ ಮೇಲಿನ ಹಡಗಿಗೆ ಕಾಯಿ ಬಿಟ್ಟದ್ದು

ಕೆಲವರು ಕಾಶಿಗೆ ಹೋಗಿ ಬಂದರೂ "ಎಂತ ಆಯ್ತು?" ಅಂತ ಕೇಳಿದರೆ "ಎಂತ ಇಲ್ಲ, ಹೋದೆ, ಬಂದೆ" ಅಂತಾರೆ. ನನ್ನ ಹಣೆಬರಹ ಹಾಗಲ್ಲ. ನಾನು ಭಾವಿಕೇರಿಯಿಂದ ಅಂಕೋಲೆ ಪೇಟೆಗೆ ಒಂದು ಬೆಂಕಿಪೊಟ್ಟಣ ತರಲಿಕ್ಕೆ ಹೋದರೂ ದಾರಿಯಲ್ಲಿ ಏನಾದರೊಂದು ನನಗಾಗಿಯೇ ಕಾದು ಕೂತಿರುತ್ತದೆ.

ಐವತ್ತು ವರ್ಷ ನಾನು ಕಡಲಿಗೆ ಹೋದವ, ತಾಂಡೇಲ. ತಾಂಡೇಲ ಅಂದರೆ ದೋಣಿಯ ಯಜಮಾನ, ಬಲೆ ಎಲ್ಲಿ ಬಿಡಬೇಕು, ಯಾವಾಗ ಎಳೆಯಬೇಕು ಅಂತ ಹೇಳುವವ. ಶಾಲೆಗೂ ನನಗೂ ಇದ್ದ ಸಂಬಂಧ ಇಷ್ಟೇ, ಮಳೆಗಾಲದಲ್ಲಿ ಅದರ ಜಗಲಿಯ ಮೇಲೆ ಬಲೆ ಒಣಗಿಸುತ್ತಿದ್ದೆ. ಹಾಗಾಗಿ ಇದನ್ನು ನಾನು ಹೇಳಿದ್ದು, ಸೊಸೆ ಬರೆದದ್ದು. ನಾನು ಎಲ್ಲಾದರೂ ಸ್ವಲ್ಪ ಉದ್ದ ಎಳೆದರೆ ಅವಳಿಗೆ ಕೆಮ್ಮು ಬರುತ್ತದೆ. ಅವಳು ಕೆಮ್ಮಿದಲ್ಲೆಲ್ಲ ನಾನು ಅಳತೆಯಲ್ಲಿ ಒಂದು ತೆಂಗಿನಮರ ಕಡಿಮೆ ಮಾಡಿದ್ದೇನೆ. ಆದ್ದರಿಂದ ಉಳಿದದ್ದೆಲ್ಲ ಸತ್ಯ.

೧. ಒಂದು ಬೆರಳು ಗಿಡ್ಡ

ಯಲ್ಲಾಪುರ ದಾಟಿ ಬಸ್ಸಿನಲ್ಲಿ ಇನ್ನೂ ಒಂದು ತಾಸು ಹೋದರೆ ಒಂದು ಆಟದ ಪಾರ್ಕು ಸಿಗುತ್ತದೆ. ನೀರಿನ ಜಾರುಬಂಡಿ, ಗಿರಗಿರ ತಿರುಗುವ ಬಟ್ಟಲು, ಎಲ್ಲ ಉಂಟು. ಎಲ್ಲಕ್ಕಿಂತ ದೊಡ್ಡದು ಒಂದು ಹಡಗು. ಅದರ ಕೆಳಗೆ ಒಂದು ಬೊಗಸೆ ನೀರಿಲ್ಲ. ಎರಡು ಕಂಬಗಳ ನಡುವೆ ತೊಟ್ಟಿಲ ಹಾಗೆ ನೇತುಹಾಕಿದ್ದಾರೆ. ಒಮ್ಮೆ ಈ ಕಡೆಯ ಆಕಾಶಕ್ಕೆ ತೂಗುತ್ತದೆ, ಒಮ್ಮೆ ಆ ಕಡೆಯ ಆಕಾಶಕ್ಕೆ.

ಹೋದ ವರ್ಷ ನನ್ನ ಮೊಮ್ಮಗಳು ಶಾಲೆಯವರ ಜೊತೆ ಅಲ್ಲಿಗೆ ಹೋಗಿದ್ದಳು. ಹಡಗಿನ ಬಾಗಿಲಲ್ಲಿ ಒಂದು ಅಳತೆಯ ಕಂಬ. ಅಷ್ಟು ಎತ್ತರ ಇದ್ದವರಿಗೆ ಮಾತ್ರ ಒಳಗೆ ಬಿಡುವುದು. ಕ್ಲಾಸಿನ ಮಕ್ಕಳೆಲ್ಲ ಹತ್ತಿದರು, ಇವಳೊಬ್ಬಳು ಒಂದು ಬೆರಳು ಗಿಡ್ಡ. ಹೊರಗೆ ನಿಂತು ಎಲ್ಲರ ಚಪ್ಪಲಿ ಕಾದಳು. ಮನೆಗೆ ಬಂದವಳು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮೂರನೇ ದಿನ ನನ್ನ ಹತ್ತಿರ ಬಂದು ಹೇಳಿದಳು:

"ಅಜ್ಜಾ, ತಾಂಡೇಲನ ಮೊಮ್ಮಗಳಿಗೇ ಹಡಗು ಹತ್ತೂಕೆ ಬಿಡ್ಲಿಲ್ಲ."

ಈ ಮಾತು ನನಗೆ ಮುಳ್ಳುಮೀನಿನ ಹಾಗೆ ಚುಚ್ಚಿತು. "ಬರೂ ಮಳೆಗಾಲದಲ್ಲಿ ನಾನೇ ನಿನ್ನ ಕರ್ಕೊಂಡು ಹೋಗ್ತೇನೆ ತಂಗೀ. ನನ್ನ ಪಕ್ಕದಲ್ಲೇ ಕೂರಿಸ್ಕೊಂಡು ಹತ್ತಿಸದಿದ್ರೆ ಈ ಮೀಸೆ ಬೋಳಿಸ್ತೇನೆ," ಅಂದೆ. ಮಳೆಗಾಲ ಅಂತ ಯಾಕೆ ಹೇಳಿದ್ದು ಅಂದರೆ, ಆಗ ಎರಡು ತಿಂಗಳು ಬೋಟುಗಳೆಲ್ಲ ದಡ ಹತ್ತಿ ಕೂತಿರುತ್ತವೆ, ಕಡಲಿಗೆ ಹೋಗುವ ಹಾಗಿಲ್ಲ. ನಮ್ಮಂಥವರಿಗೆ ರಜೆ ಅಂತ ಇರುವುದು ಅದೊಂದೇ.

ಅವತ್ತಿನಿಂದ ಆ ಹುಡುಗಿ ವರ್ಷವಿಡೀ ಬೆಳೆಯುವ ಕೆಲಸ ಮಾಡಿದಳು. ಮಾಡಿನ ಅಡ್ಡಕ್ಕೆ ಜೋತುಬಿದ್ದಳು. ತಾರ್ಲೆ ಮೀನು ತಿಂದರೆ ಉದ್ದ ಆಗ್ತಾರೆ ಅಂತ ನಾನು ಹೇಳಿದ್ದಕ್ಕೆ ಕಾರವಾರ ಬಂದರಿಗೆ ಬಂದ ತಾರ್ಲೆಯಲ್ಲಿ ಅರ್ಧ ಅವಳೇ ತಿಂದಳು. (ಸೊಸೆ ಕೆಮ್ಮಿದಳು. ಸರಿ, ಕಾಲುಭಾಗ.) ಪ್ರತಿ ಭಾನುವಾರ ನನ್ನ ಹಳೇ ಹುಟ್ಟುಗೋಲಿಗೆ ಒರಗಿ ನಿಲ್ಲುವಳು, ನಾನು ಕತ್ತಿಯಿಂದ ಗುರುತು ಹಾಕುವೆ. ಒಂದು ಭಾನುವಾರ ನೋಡುತ್ತೇನೆ, ಒಂದೇ ವಾರದಲ್ಲಿ ನಾಲ್ಕು ಬೆರಳು ಬೆಳೆದಿದ್ದಾಳೆ! ನನಗೆ ಮೈ ಜುಂ ಅಂದಿತು. ಇದು ನಮ್ಮ ವಂಶದ ರಕ್ತ ಅಂತ ಮೀನುಪೇಟೆ ತುಂಬ ಹೇಳಿ ಬಂದೆ. ಇಡೀ ಪೇಟೆ ಬಾಯ್ಬಿಟ್ಟು ಕೇಳಿತು.

ಮನೆಗೆ ಬಂದರೆ ಹೆಂಡತಿ ಹೇಳಿದಳು, "ಪೇಟೆಗೆ ಹೋಗೂ ಮೊದಲು ಅವಳ ಕಾಲಡಿಗೆ ಒಮ್ಮೆ ನೋಡೂದಲ್ಲನಾ? ನನ್ನ ಕುಳಿತುಕೊಳ್ಳೂ ಮಣೆ ಬೆಳಿಗ್ಗಿಂದ ಹುಡುಕ್ತಾ ಇದ್ದೇನೆ."

೨. ಘಟ್ಟದ ತೆರೆ

ಈ ವರ್ಷ ಜುಲೈಯಲ್ಲಿ ಹೊರಟೆವು. ನಾನು, ಹೆಂಡತಿ, ಮಗ, ಮೊಮ್ಮಗಳು. ಸೊಸೆಗೆ ಅಂಗನವಾಡಿಯಲ್ಲಿ ರಜೆ ಸಿಗಲಿಲ್ಲ. ಸಿಕ್ಕಿದ್ದರೆ ಇವತ್ತು ಇಷ್ಟು ಕೆಮ್ಮುತ್ತಿರಲಿಲ್ಲ.

ಅಂಕೋಲೆಯಲ್ಲಿ ಬಸ್ಸು ಹತ್ತುವಾಗ ಸಣ್ಣ ಹನಿ. ರಾಮನಗುಳಿ ಬರುವಷ್ಟರಲ್ಲಿ ಆಕಾಶಕ್ಕೇ ತೂತು ಬಿದ್ದ ಹಾಗೆ. ಗಂಗಾವಳಿ ಹೊಳೆ ಕೆಂಪಗೆ, ದಂಡೆಯ ಬಿದಿರಿನ ನೆತ್ತಿ ಸವರಿಕೊಂಡು ಹೋಗುತ್ತಿತ್ತು. ಇಡೀ ಬಸ್ಸು ಒಂದೇ ಕಡೆಯ ಕಿಟಕಿಗೆ ಬಂತು. ನಾನೂ ನೋಡಿದೆ. ಎಷ್ಟು ವರ್ಷ ಕಡಲಲ್ಲಿ ಇದ್ದರೇನು, ಆ ಹೊಳೆ ನೋಡಿ ಕೈ ತಾನಾಗಿ ಮುಗಿಯಿತು. ನಮ್ಮ ಕಡಲು ಇಷ್ಟನ್ನೂ ಕುಡಿದು ಏನೂ ಆಗದ ಹಾಗೆ ಮಲಗಿರುತ್ತದಲ್ಲ ಅಂತ ಹೆಮ್ಮೆಯೂ ಆಯಿತು.

ಮೊಮ್ಮಗಳು ಮಾತ್ರ ಹೊಳೆ ನೋಡಲಿಲ್ಲ. ಮೇಲೆ ಮೋಡ ನೋಡುತ್ತಿದ್ದಳು. "ಅಜ್ಜಾ, ಮಳೆ ಬಂದ್ರೂ ಹಡಗು ತೂಗ್ತದಾ?"

"ಮಳೆಗೆ ಹೆದರೂ ಹಡಗು ಎಂಥಾ ಹಡಗು ತಂಗೀ?" ಅಂದೆ.

ಇನ್ನು ನನ್ನ ಮಗನ ವಿಷಯ. ಕಾರವಾರ ಬಂದರಿನಲ್ಲಿ ಅವನು ದೊಡ್ಡ ಬೋಟಿನ ಡ್ರೈವರ. ಅವನ ಬೋಟು ತೆರೆಯ ಮೇಲೆ ಮೂರು ದಿನ ಹೊರಳಾಡಿದರೂ ಅವನ ಕೈಯ ಚಹಾ ಚೆಲ್ಲುವುದಿಲ್ಲ. ಅಂಥವನು ಅರಬೈಲ್ ಘಟ್ಟದ ಎರಡನೇ ತಿರುವಿಗೆ ಸುಮ್ಮನಾದ. ಮೂರನೆಯದಕ್ಕೆ ಬೆವರಿದ. ನಾಲ್ಕನೆಯದಕ್ಕೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಬೆಳಗಿನ ಅವಲಕ್ಕಿಯನ್ನೆಲ್ಲ ಘಟ್ಟಕ್ಕೆ ಒಪ್ಪಿಸಿದ. ಮೇಲಿನಿಂದ ಮಳೆ, ಒಳಗಿನಿಂದ ಇದು. ಘಟ್ಟ ಮುಗಿಯುವಷ್ಟರಲ್ಲಿ ಒಣಹಾಕಿದ ಮೀನಿನ ಹಾಗೆ ಸೀಟಿನ ಮೇಲೆ ಬಿದ್ದಿದ್ದ.

ಕಂಡಕ್ಟರನಿಗೆ ಕನಿಕರ ಬಂತು. ಒಂದು ನಿಂಬೆಹಣ್ಣು ತಂದುಕೊಟ್ಟು ಕೇಳಿದ, "ಪಾಪ, ಗಟ್ಟಿಮುಟ್ಟಾದ ಆಳು. ಎಂತ ಕೆಲಸ ಮಾಡೂದು ತಮಾ ನೀನು?"

ಮಗ ಬಾಯಿ ತೆಗೆಯುವ ಮೊದಲೇ ನಾನು ಹೇಳಿದೆ, "ಬಟ್ಟೆ ಅಂಗಡಿಯಲ್ಲಿ ಇದ್ದಾನೆ."

೩. ಚಟ್ನಿ ಮತ್ತು ಕಾಯಿ

ಪಾರ್ಕಿನ ಗೇಟಿನಲ್ಲಿ ಚೀಲ ತಪಾಸಣೆ. ಕಾವಲುಗಾರ ಬಯಲುಸೀಮೆಯ ಕಡೆಯವ, ಹೊಟ್ಟೆ ಬಂದವ. "ಹೊರಗಿನ ತಿಂಡಿ ಒಳಗ ಬಿಡಂಗಿಲ್ರಿ," ಅಂತ ಹೆಂಡತಿಯ ಚೀಲದಿಂದ ಸ್ಟೀಲು ಡಬ್ಬಿ ಎತ್ತಿದ. ಅದರಲ್ಲಿ ಒಣಶೆಟ್ಲಿ ಚಟ್ನಿ. ಶೆಟ್ಲಿ ಅಂದರೆ ಸಿಗಡಿ, ಒಣಗಿಸಿ ಮೆಣಸು ಹುಳಿ ಹಾಕಿ ಕುಟ್ಟಿದ್ದು. ಮಳೆಗಾಲದಲ್ಲಿ ನಮ್ಮ ಉಸಿರು ನಡೆಯುವುದೇ ಅದರ ಮೇಲೆ. ಮುಚ್ಚಳ ತೆಗೆದವನು ಮೂರು ಹೆಜ್ಜೆ ಹಿಂದೆ ಸರಿದ.

"ಯವ್ವಾ! ಏನ ಸತ್ತೈತ್ರಿ ಇದರಾಗ?"

"ಸತ್ತದ್ದೇ," ಅಂದಳು ಹೆಂಡತಿ. "ಜೀವ ಇದ್ರೆ ಚಟ್ನಿ ಮಾಡೂದು ಹ್ಯಾಂಗೆ?"

ಡಬ್ಬಿ ಅವನ ಮೇಜಿನ ಮೇಲೆ ಉಳಿಯಿತು. ಆಮೇಲೆ ಚೀಲದ ತಳಕ್ಕೆ ಕೈ ಹಾಕಿದರೆ ಒಂದು ತೆಂಗಿನಕಾಯಿ, ಒಂದು ಪೊಟ್ಟಣ ಅರಿಶಿನ ಕುಂಕುಮ.

"ಇದ್ಯಾಕ್ರಿ?"

"ದೇವರಿಗೆ." ದೇವರು ಅಂದ ಕೂಡಲೆ ಬಿಟ್ಟ.

ನನಗೂ ಗೊತ್ತಿರಲಿಲ್ಲ. "ಇಲ್ಲಿ ಯಾವ ದೇವರು ಮಾರಾಯ್ತಿ?" ಅಂತ ಕೇಳಿದೆ. ಅವಳು ನನ್ನನ್ನೇ ಹುಚ್ಚನ ಹಾಗೆ ನೋಡಿದಳು.

"ಹಡಗು ಹತ್ತೂಕೆ ಬಂದದ್ದಲ್ಲನಾ? ಈ ಮಳೆಗಾಲದಲ್ಲಿ, ನೂಲಹುಣ್ಣಿಮೆ ಆಗದೆ, ನೀರಿಗೆ ಕಾಯಿ ಬಿಡದೆ ನಮ್ಮನೆಯವರು ಯಾರು ಹಡಗು ಹತ್ತಿದ್ದಾರೆ?"

ಅದು ಹೌದು. ಮಳೆಗಾಲದಲ್ಲಿ ಕಡಲು ಸಿಟ್ಟಿನಲ್ಲಿ ಇರುತ್ತದೆ. ನೂಲಹುಣ್ಣಿಮೆಗೆ ಕಾಯಿ ಕೊಟ್ಟು, "ತಾಯೀ, ಇನ್ನು ಶಾಂತ ಆಗು" ಅಂತ ಕೈಮುಗಿದ ಮೇಲೇ ನಾವು ದೋಣಿ ಇಳಿಸುವುದು. ಆದರೂ ಹೇಳಿದೆ, "ಅದು ಗುಡ್ಡದ ಮೇಲಿನ ಹಡಗು. ಅಲ್ಲಿ ಕಡಲೇ ಇಲ್ಲ."

"ಕಡಲು ಇಲ್ಲದಿದ್ರೆ ಇನ್ನೂ ಅಪಾಯ. ಬಿದ್ರೆ ಈಜೂದು ಎಲ್ಲಿ?"

ನಾನು ಚೀಲ ಎತ್ತಿಕೊಂಡು ಮುಂದೆ ನಡೆದೆ.

ಚಟ್ನಿಯ ಸುದ್ದಿಯನ್ನೂ ಇಲ್ಲೇ ಮುಗಿಸುತ್ತೇನೆ. ಸಂಜೆ ಹೊರಗೆ ಬರುವಾಗ ಕಾವಲುಗಾರ ಡಬ್ಬಿ ಕೊಟ್ಟ. ಹಗುರ ಇತ್ತು, ತೊಳೆದಿತ್ತು. ಅವನು ನೆಲ ನೋಡುತ್ತ ಕೇಳಿದ, "ಅವ್ವಾರ, ರೊಟ್ಟಿಗೆ ಭಾಳ ಚಲೋ ಆಗತೈತ್ರಿ. ಇದನ್ನ ಹೆಂಗ ಸಾಯಿಸ್ತೀರಿ?"

೪. ತೊಂಬತ್ತೊಂದು

ಹಡಗಿನ ಹತ್ತಿರ ಹೋದೆವು. ಕಾರವಾರದಲ್ಲಿ ನೌಕಾಪಡೆಯ ಹಡಗು ದೂರದಿಂದ ಕಂಡವ ನಾನು. ಆದರೆ ಗುಡ್ಡದ ಮೇಲೆ, ಮಳೆಯಲ್ಲಿ ತೊಯ್ಯುತ್ತ, ಮೂತಿಗೆ ಹಾವಿನ ಹೆಡೆ ಕೆತ್ತಿಸಿಕೊಂಡು, ನೆಲ ಬಿಟ್ಟು ನಿಂತ ಹಡಗು? ಇದನ್ನು ಮಾಡಿದವನು ಮನುಷ್ಯನೇ ಹೌದೋ ಅಂತ ಅನ್ನಿಸಿತು. ಚಪ್ಪಲಿ ಕಳಚಿಟ್ಟು ಅದರ ಮೂತಿಗೆ ಕೈ ತಾಗಿಸಿ ಕಣ್ಣಿಗೆ ಒತ್ತಿಕೊಂಡೆ.

ಹಡಗು ನಡೆಸುವವ ಹಳದಿ ರೈನ್‌ಕೋಟು ಹಾಕಿದ ಐವತ್ತರ ಗಂಡಸು, ಹುಬ್ಬಳ್ಳಿ ಕಡೆಯವ. ಅಳತೆಯ ಕಂಬಕ್ಕೆ ಮರದ ಗೊಂಬೆಯೊಂದು ಕೈ ಚಾಚಿ ನಿಂತಿತ್ತು. ಅದರ ಕೈಗೆ ತಲೆ ತಾಗಬೇಕು. ಮೊಮ್ಮಗಳು ಹೋಗಿ ಬೆನ್ನು ನೆಟ್ಟಗೆ ಮಾಡಿ ನಿಂತಳು. ಕಣ್ಣು ಮುಚ್ಚಿಕೊಂಡಿದ್ದಳು. ಅವನು ಬಗ್ಗಿ ನೋಡಿದ, ಹಿಮ್ಮಡಿ ನೋಡಿದ, ಜುಟ್ಟು ಒತ್ತಿ ನೋಡಿದ.

"ಆತವಾ. ಪಾಸ್!"

ಅವಳು ಹಾರಿದ ಎತ್ತರಕ್ಕೆ ಅಳತೆಯ ಕಂಬವೇ ಗಿಡ್ಡ ಆಯಿತು. ಅದೇ ಹೊತ್ತಿಗೆ ನೋಡಿ, ಅಷ್ಟು ಹೊತ್ತು ಹದವಾಗಿ ಬರುತ್ತಿದ್ದ ಮಳೆ ಧೋ ಅಂತ ಕೊಡ ಮಗುಚಿತು. ಅವನು ಬಾಗಿಲಿಗೆ ಸರಪಳಿ ಹಾಕಿದ. "ಬ್ರೇಕ್ ತೊಯ್ದ್ರ ಹಿಡಿಯಂಗಿಲ್ರಿ ಅಜ್ಜಾರ. ಮಳಿ ನಿಂತ ಮ್ಯಾಲೆ ಅರ್ಧ ತಾಸು ಬಿಟ್ಟು ಚಾಲೂ ಮಾಡ್ತೀನಿ. ಐದಕ್ಕ ಪಾರ್ಕ್ ಬಂದ್."

ಮೊಮ್ಮಗಳು ನನ್ನ ಮುಖ ನೋಡಿದಳು. ಮೀಸೆಯನ್ನೂ ನೋಡಿದಳು. ನಾನು ಮೋಡ ನೋಡಿ, ಗಾಳಿಗೆ ಬೆರಳು ಹಿಡಿದು, "ಇನ್ನರ್ಧ ತಾಸಿಗೆ ನಿಲ್ತದೆ," ಅಂದೆ. ನಿಲ್ಲಲಿಲ್ಲ. "ಹನ್ನೆರಡಕ್ಕೆ ಖಂಡಿತ," ಅಂದೆ. ಜೋರಾಯಿತು. ನಮ್ಮೂರ ಮಳೆ ನನ್ನ ಮಾತು ಕೇಳುತ್ತದೆ. ಈ ಘಟ್ಟದ ಮೇಲಿನ ಮಳೆಗೆ ನನ್ನ ಪರಿಚಯ ಇಲ್ಲ.

ತಗಡಿನ ಮಾಡಿನ ಕೆಳಗೆ ಕೂತೆವು. ಮಗ ನಿಂಬೆಹಣ್ಣು ಮೂಸುತ್ತ ಬೆಂಚಿನ ಮೇಲೆ ಮಲಗಿದ. ಹಡಗಿನವನಿಗೂ ಕೆಲಸ ಇಲ್ಲ. ಮಾತಿಗೆ ಮಾತು ಬಂತು. ಅವನು ಹುಟ್ಟಿದಾಗಿನಿಂದ ಕಡಲು ಕಂಡವನೇ ಅಲ್ಲವಂತೆ! ಇಪ್ಪತ್ತು ವರ್ಷ ಹಡಗು ನಡೆಸಿದ್ದಾನೆ, ಕಡಲು ಕಂಡಿಲ್ಲ! ಇಂಥ ಕಿವಿ ಸಿಗುವುದು ಜೀವಮಾನದಲ್ಲಿ ಒಮ್ಮೆ. ನಾನು ಬಿಡುತ್ತೇನೆಯೇ?

ಮೂರು ತೆಂಗಿನಮರದ ಎತ್ತರದ ತೆರೆ ಬಂದದ್ದು ಹೇಳಿದೆ. ಬೆಂಕಿಕಡ್ಡಿ ಒದ್ದೆಯಾಗಿದ್ದಾಗ ಮಿಂಚಿಗೆ ಹಿಡಿದು ಬೀಡಿ ಹಚ್ಚಿಕೊಂಡದ್ದು ಹೇಳಿದೆ. ಬಂಗಡೆಯ ಹಿಂಡು ಎಷ್ಟು ದಟ್ಟ ಬಂದಿತ್ತು ಅಂದರೆ, ನೀರಿಗೆ ಬಿದ್ದ ಹುಟ್ಟುಗೋಲನ್ನು ನಾನು ದೋಣಿಯಿಂದ ಇಳಿದು, ಮೀನಿನ ಬೆನ್ನ ಮೇಲೆ ನಡೆದುಕೊಂಡು ಹೋಗಿ ತಂದದ್ದು ಹೇಳಿದೆ.

"ಕಾಲು ಜಾರಲಿಲ್ರಿ?"

"ಜಾರ್ತದೆ. ಅದಕ್ಕೇ ಬಾಲದ ಬದಿಗೆ ಕಾಲಿಡಬಾರದು."

ಅವನು ರೈನ್‌ಕೋಟಿನ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅಜ್ಜಾರ, ನಿಮಗ ವಯಸ್ಸೆಷ್ಟ್ರಿ?"

ಇಷ್ಟೆಲ್ಲ ಕಂಡವನಿಗೆ ಒಂದು ತೂಕದ ವಯಸ್ಸು ಬೇಡವೇ? "ತೊಂಬತ್ತೊಂದು," ಅಂದೆ.

ಅವನು ಬಗ್ಗಿ ನನ್ನ ಕಾಲು ಮುಟ್ಟಿದ. ಪಕ್ಕದಲ್ಲಿ ಎಲೆಯಡಿಕೆಯ ಕವಳ ಹಾಕುತ್ತಿದ್ದ ಹೆಂಡತಿ ಆ ಕಡೆ ತಿರುಗಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು, "ಹಾಗಾದ್ರೆ ನಾನು ಮದುವೆ ಆದದ್ದು ನಿಮ್ಮ ಅಪ್ಪನನ್ನನಾ?"

೫. ಮಾಡಿನ ಒಳಗಿನ ಮಳೆ

ಮಳೆ ನಿಲ್ಲುವವರೆಗೆ ಸುತ್ತಿ ಬರೋಣ ಅಂತ ಹೊರಟೆವು. ಒಂದು ಕಡೆ ದೊಡ್ಡ ಚಪ್ಪರ. ಹೊರಗೆ ಮಳೆ ಹುಯ್ಯುತ್ತಿದೆ. ಜನ ಕೊಡೆ ಹಿಡಿದು, ತಲೆಗೆ ಪ್ಲಾಸ್ಟಿಕ್ಕು ಕಟ್ಟಿಕೊಂಡು, ಒಂದು ಹನಿ ಬೀಳದ ಹಾಗೆ ಓಡಿಬಂದು ಆ ಚಪ್ಪರ ಸೇರುತ್ತಿದ್ದಾರೆ. ಸೇರಿ ಕೊಡೆ ಮಡಚಿ ಗೋಡೆಗೆ ಒರಗಿಸುತ್ತಾರೆ. ಆಮೇಲೆ ಚಪ್ಪರದ ಒಳಗೆ ಮೇಲಿನಿಂದ ನಳ ಬಿಡುತ್ತಾರೆ. ಆ ನಳದ ಮಳೆಯಲ್ಲಿ ಎಲ್ಲರೂ ನೆನೆದು ಕುಣಿಯುತ್ತಾರೆ! ರೈನ್ ಡ್ಯಾನ್ಸ್ ಅಂತ ಮೊಮ್ಮಗಳು ಹೇಳಿದಳು.

ನಾನು ಬಹಳ ಹೊತ್ತು ನೋಡಿದೆ. ದೇವರು ಬಿಟ್ಟಿ ಕೊಟ್ಟದ್ದು ಹೊರಗೆ, ಮನುಷ್ಯ ಮಾಡಿದ್ದು ಒಳಗೆ, ನಡುವೆ ಒಂದು ತಗಡು. ಕುಣಿತ ಮುಗಿದ ಮೇಲೆ ಒಬ್ಬ ಹೊರಗೆ ಇಣುಕಿ, ಮೈಯಿಂದ ನೀರು ಸುರಿಯುತ್ತಿದ್ದರೂ ಹೆಂಡತಿಗೆ ಕೂಗಿ ಹೇಳಿದ, "ಛತ್ರಿ ತಗೊಂಡ ಬಾ, ಮಳಿ ಐತಿ, ತೊಯ್ತೀವಿ!"

೬. ಕಡಲು ಕಾಯಿ ತಗೊಂಡದ್ದು

ಮೂರು ಗಂಟೆ ಆಯಿತು. ಮಳೆ ನಿಲ್ಲಲಿಲ್ಲ. ಮೊಮ್ಮಗಳು ಮಾತು ಬಿಟ್ಟಿದ್ದಳು, ಹೋದ ವರ್ಷದ ಹಾಗೆ. ಜಾರುಬಂಡಿ ಬೇಡ, ಐಸ್‌ಕ್ರೀಮು ಬೇಡ. ಸರಪಳಿ ಹಾಕಿದ ಹಡಗನ್ನು ದೂರದಿಂದ ನೋಡುತ್ತ ನಿಂತಿದ್ದಳು. ಹೆಂಡತಿ ಚೀಲ ಹೆಗಲಿಗೆ ಹಾಕಿದಳು. "ಇನ್ನು ತಡ ಮಾಡಿದ್ರೆ ಆಗೂದಿಲ್ಲ. ನೀರು ಎಲ್ಲಿದೆ ತೋರಿಸಿ."

ಆ ಪಾರ್ಕಿನಲ್ಲಿ ತೆರೆ ಬರುವ ಹೊಂಡ ಒಂದಿದೆ. ವೇವ್ ಪೂಲ್ ಅಂತಾರೆ. ಅದನ್ನು ಕಂಡು ನಾನು ಬೆರಗಾದದ್ದು ಸುಳ್ಳಲ್ಲ. ಆ ಕಡೆ ಒಂದು ಗೋಡೆ. ಗೋಡೆಯ ಹಿಂದಿನಿಂದ ಎಂಥದೋ ಯಂತ್ರ ಗುಂಯ್ ಅನ್ನುತ್ತದೆ. ನಮ್ಮ ಭಾವಿಕೇರಿ ದಂಡೆಗೆ ಬರುವ ಹಾಗೆಯೇ ಸಾಲು ಸಾಲು ತೆರೆ ಎದ್ದು ಬಂದು, ಸಿಮೆಂಟಿನ ದಂಡೆಯ ಮೇಲೆ ನೊರೆ ಚೆಲ್ಲಿ ಹಿಂದೆ ಹೋಗುತ್ತದೆ. ಉಪ್ಪಿಲ್ಲ, ಮೀನಿಲ್ಲ, ಗಾಳಿಯಿಲ್ಲ. ಬರೀ ತೆರೆ! ಕಡಲನ್ನು ಕರೆದು ಕಟ್ಟಿಹಾಕಿದ ಹಾಗೆ. ಒಳಗೆ ನೂರಾರು ಜನ ಕಿರುಚುತ್ತಿದ್ದರು.

ಸೀರೆ ಉಟ್ಟವರು ನೀರಿಗೆ ಇಳಿಯುವ ಹಾಗಿಲ್ಲ. ಹೆಂಡತಿ ದಂಡೆಯಲ್ಲೇ ನಿಂತು, ಕಾಯಿಗೆ ಅರಿಶಿನ ಕುಂಕುಮ ಹಚ್ಚಿ, ತಲೆಯ ಹೂವು ತೆಗೆದು ಮುಡಿಸಿ, ಮೂರು ಸಲ ನಿವಾಳಿಸಿ ಎಸೆದಳು. ತೆರೆ ಬಂತು. ಕಾಯಿಯನ್ನು ಎತ್ತಿ ತಂದು ಅವಳ ಕಾಲ ಬುಡದಲ್ಲೇ ಇಟ್ಟು ಹೋಯಿತು.

ಅವಳ ಮುಖ ಸಣ್ಣದಾಯಿತು. ಮತ್ತೆ ಎಸೆದಳು. ಮತ್ತೆ ತಂದು ಇಟ್ಟಿತು. ದೂರದಲ್ಲಿ ಎತ್ತರದ ಕುರ್ಚಿಯ ಮೇಲೆ ಕೂತವನು ಸೀಟಿ ಊದಿದ. ನೀರಿನಲ್ಲಿದ್ದ ಜನ ತಿರುಗಿ ನೋಡಿದರು.

"ಕಡಲು ಕಾಯಿ ತಗೊಳ್ತಾ ಇಲ್ಲ," ಅಂದಳು. "ಯಾರಿಂದಲೋ ತಪ್ಪಾಗಿದೆ. ಬೆಳಿಗ್ಗಿಂದ ಯಾರೋ ಸುಳ್ಳು ಹೇಳಿದ್ದಾರೆ." ಹೇಳುತ್ತ ನನ್ನನ್ನೇ ನೋಡಿದಳು. ಮೊಮ್ಮಗಳೂ ನೋಡಿದಳು. "ಕೈ ಮುಗೀರಿ. ತಪ್ಪಾಯ್ತು ಅನ್ನಿ."

ಅಷ್ಟು ಜನರ ಎದುರಿಗೆ! ಆದರೆ ಆ ಹುಡುಗಿಯ ಕಣ್ಣು ನೋಡಿದ ಮೇಲೆ ಎಂತ ಮಾಡುವುದು? ಕೈ ಮುಗಿದೆ. "ತಪ್ಪಾಯ್ತು ತಾಯೀ," ಅಂದೆ. ಹೆಂಡತಿ ಮೂರನೇ ಸಲ ಎಸೆದಳು.

ಕಾಯಿ ನೀರು ಮುಟ್ಟಿತು. ಗೋಡೆಯ ಹಿಂದಿನ ಗುಂಯ್ ನಿಂತಿತು. ತೆರೆ ನಿಂತಿತು.

ಇಡೀ ಹೊಂಡ ತಟ್ಟೆಯಲ್ಲಿಟ್ಟ ನೀರಿನ ಹಾಗೆ ಅಲುಗದೆ ನಿಂತಿತು. ನಡುವೆ ಕುಂಕುಮದ ಕಾಯಿ ತೇಲುತ್ತಿತ್ತು. ಕಿರುಚುತ್ತಿದ್ದವರೆಲ್ಲ ಅದನ್ನೇ ನೋಡಿದರು. ಆಮೇಲೆ ನೀರಿನಲ್ಲಿದ್ದ ಒಬ್ಬ ಹೆಂಗಸು ಸೊಂಟದವರೆಗಿನ ನೀರಿನಲ್ಲೇ ಕೈ ಮುಗಿದಳು. ಅವಳ ಪಕ್ಕದವಳು ಮುಗಿದಳು. ಐದು ನಿಮಿಷದಲ್ಲಿ ನನ್ನ ಹೆಂಡತಿಯ ಸುತ್ತ ಒದ್ದೆ ಬಟ್ಟೆಯ ಒಂದು ಜಾತ್ರೆ. ಒಬ್ಬಳು ಮಗಳಿಗೆ ಗಂಡು ಯಾವಾಗ ಸಿಗುತ್ತದೆ ಅಂತ ಕೇಳಿದಳು. ನಲವತ್ತು ವರ್ಷ ಮೀನು ಮಾರಿದ ಬಾಯಿ, ತಡವರಿಸಲಿಲ್ಲ. "ದೀಪಾವಳಿಯ ಒಳಗೆ," ಅಂದಳು.

ಕಾಯಿ ಎತ್ತಲು ಬಂದ ಸೀಟಿಯವನು ನನ್ನ ಕಿವಿಯಲ್ಲಿ ಹೇಳಿದ, "ಅಜ್ಜಾ, ಹತ್ತು ನಿಮಿಷ ತೆರೆ ಬಿಡೂದು, ಹತ್ತು ನಿಮಿಷ ಬಂದ್ ಮಾಡೂದು. ಯಾವಾಗಲೂ ಹಾಗೇ."

ಹೆಂಡತಿಗೆ ಇದನ್ನು ನಾನು ಇವತ್ತಿನವರೆಗೆ ಹೇಳಿಲ್ಲ. ಸೊಸೇ, ಇಷ್ಟು ಭಾಗ ನಿನ್ನ ಅತ್ತೆಗೆ ಓದಿ ಹೇಳಬೇಡ. ಮತ್ತೆ, ಯಂತ್ರ ನಿಂತದ್ದು ಗಡಿಯಾರಕ್ಕೆ ಅಂತ ಇಟ್ಟುಕೊಳ್ಳೋಣ. ಅದೇ ಗಳಿಗೆಗೆ ಮೇಲಿನ ಮಳೆಯೂ ಸಣ್ಣದಾಯಿತಲ್ಲ, ಅದರ ಸ್ವಿಚ್ಚು ಯಾರ ಕೈಯಲ್ಲಿತ್ತು?

೭. ಜೋರಾಗಿ ಹೇಳಿ

ನಾಲ್ಕಕ್ಕೆ ಮಳೆ ಪೂರ್ತಿ ನಿಂತಿತು. ನಾಲ್ಕೂವರೆಗೆ ಹಡಗಿನವನು ಸರಪಳಿ ತೆಗೆದ. ಮೊಮ್ಮಗಳು ಎಲ್ಲರಿಗಿಂತ ಮುಂದೆ, ನನ್ನ ಕೈ ಹಿಡಿದುಕೊಂಡು. ಅವನು ಅವಳನ್ನು ನೋಡಿ ನಕ್ಕ. ನನ್ನನ್ನು ನೋಡಿ ಕೈ ಅಡ್ಡ ಹಿಡಿದ.

"ನೀವು ಬ್ಯಾಡ್ರಿ ಅಜ್ಜಾರ. ಬೋರ್ಡ್ ನೋಡ್ರಿ. ಅರವತ್ತೈದು ದಾಟಿದವ್ರು ಹತ್ತಂಗಿಲ್ಲ."

ಬೋರ್ಡು ಬೆಳಿಗ್ಗೆಯಿಂದ ಅಲ್ಲೇ ಇತ್ತು. ನನಗೆ ಓದಲು ಬರುವುದಿಲ್ಲ. ಮೊಮ್ಮಗಳು ಎತ್ತರದ ಸಾಲು ಒಂದನ್ನೇ ಓದಿದ್ದಳು.

"ಸರಿ, ಅವಳೊಬ್ಬಳನ್ನೇ ಹತ್ತಿಸು," ಅಂದೆ.

"ಸಣ್ಣ ಹುಡುಗ್ರ ಕೂಡ ಕರ್ಕೊಂಡ ಬಂದ ದೊಡ್ಡವ್ರು ಒಬ್ಬರು ಇರಾಕ ಬೇಕ್ರಿ."

ಮಗನ ಕಡೆ ನೋಡಿದೆ. ಅವನು ಬೆಂಚಿನಿಂದ ಹಡಗನ್ನು ಒಮ್ಮೆ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ಮಗ್ಗಲಾದ. ಹೆಂಡತಿಯನ್ನು ನೋಡಿದೆ. "ನಲವತ್ತು ವರ್ಷ ದಂಡೆಯಲ್ಲಿ ನಿಂತೇ ಮೀನು ಮಾರಿದ್ದೇನೆ, ಒಂದು ದಿನವೂ ದೋಣಿಗೆ ಕಾಲಿಟ್ಟವಳಲ್ಲ. ಈಗ ಗುಡ್ಡದ ಮೇಲೆ ಹತ್ತೂದಾ?" ಅಂದಳು. ಮೊಮ್ಮಗಳು ನನ್ನ ಕೈ ಬಿಟ್ಟಳು. ಅವಳು ಅಳಲಿಲ್ಲ. ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ. ಬಗ್ಗಿ ತನ್ನ ಚಪ್ಪಲಿ ಹುಡುಕತೊಡಗಿದಳು.

"ನನಗೆ ತೊಂಬತ್ತೊಂದು ಅಲ್ಲ," ಅಂದೆ.

"ಏನ್ರಿ?"

"ಅದು ಸುಳ್ಳು."

ಹಿಂದೆ ಸಾಲಿನಲ್ಲಿ ಇಪ್ಪತ್ತು ಜನ. ಹೆಂಡತಿ ಮುಂದೆ ಬಂದಳು. "ಕೇಳಲಿಲ್ಲ. ಜೋರಾಗಿ ಹೇಳಿ."

"ಸುಳ್ಳು!" ಅಂದೆ, ಜೋರಾಗಿ.

ಹಡಗಿನವನ ಮುಖ ನೋಡಲಾಗಲಿಲ್ಲ. "ಹಂಗಂದ್ರ... ಮೂರು ತೆಂಗಿನಗಿಡದ ತೆರಿ?"

"ಅದೂ."

"ಮಿಂಚಿಗೆ ಬೀಡಿ ಹಚ್ಚಿದ್ದು?"

"ಬೀಡಿ ನಿಜ."

"ಮೀನಿನ ಬೆನ್ನ ಮ್ಯಾಲೆ ನಡದದ್ದು?" ಅವನು ನನ್ನ ಕೈ ಹಿಡಿದುಕೊಂಡ. "ಅದರೇ ಖರೇ ಅನ್ರಿ ಅಜ್ಜಾರ!"

ಹೌದು ಅನ್ನುವ ಆಸೆ ಆಯಿತು. ಆದರೂ ಹೇಳಿದೆ, "ಅದೂ ಸುಳ್ಳು. ಹುಟ್ಟುಗೋಲು ತಾನಾಗಿ ತೇಲಿ ಬಂತು."

ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಈ ಮಾತು ಕೇಳೂಕೆ ನಲವತ್ತೈದು ವರ್ಷ ಕಾದೆ," ಅಂದಳು. ಆಮೇಲೆ ಕವಳದ ಸಂಚಿಯೊಳಗಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ನನ್ನ ಆಧಾರ್ ಕಾರ್ಡು ತೆಗೆದು ಕೊಟ್ಟಳು. ಮೊಮ್ಮಗಳೇ ಓದಿ ಲೆಕ್ಕ ಹಾಕಿದಳು: ಅರವತ್ತನಾಲ್ಕು. ನಾನು ಹುಟ್ಟಿದ್ದು ಯಾವಾಗ ಅಂತ ನನಗೂ ಗೊತ್ತಿಲ್ಲ, ಬರೆದಿಟ್ಟವರೂ ಇಲ್ಲ. ಆದರೆ ಕಾರ್ಡು ಸರಕಾರದ್ದು. ಸರಕಾರದ ಮಾತನ್ನು ಅಲ್ಲಗಳೆಯಲು ನಾನು ಯಾರು?

ಹತ್ತಿದ್ದು ತುದಿಯ ಸಾಲಿಗೆ. ಕಬ್ಬಿಣದ ಸರಳು ಬಂದು ಹೊಟ್ಟೆಯ ಮೇಲೆ ಕೂತಿತು. ಹಡಗು ಮೊದಲು ಮೆಲ್ಲಗೆ, ನಮ್ಮ ಪಾತಿದೋಣಿ ಲಂಗರಿನಲ್ಲಿ ಆಡುವ ಹಾಗೆ. ಆಮೇಲೆ ಎದ್ದಿತು. ಕಡಲಲ್ಲಿ ತೆರೆ ಬಂದರೆ ದೂರದಿಂದಲೇ ಕಾಣುತ್ತದೆ, ಮೂತಿ ತಿರುಗಿಸಬಹುದು. ಇಲ್ಲಿ ತೆರೆಯೇ ಇಲ್ಲ, ಬರೀ ಏರುವುದು! ನನ್ನ ಹೊಟ್ಟೆ ನನ್ನ ಹಿಂದೆ ಎಲ್ಲೋ ಉಳಿಯಿತು. ತುತ್ತತುದಿಗೆ ಹೋಗಿ ಹಡಗು ಒಂದು ಕ್ಷಣ ನಿಲ್ಲುತ್ತದೆ ನೋಡಿ, ಆ ಒಂದು ಕ್ಷಣದಲ್ಲಿ ಕಂಡೆ. ಮಳೆ ತೊಳೆದ ಕಾಡು ದೂರದವರೆಗೆ ಹಸಿರು ತೆರೆಯ ಹಾಗೆ ಗುಡ್ಡದ ಹಿಂದೆ ಗುಡ್ಡ. ಅದರ ಮೇಲೆ ಮೋಡ ಹರಿದು, ಪಡುವಣದ ಕಡೆ, ನಮ್ಮ ಕಡಲಿರುವ ಕಡೆ, ಒಂದು ಗೆರೆ ಬಂಗಾರ. ಇಷ್ಟು ವರ್ಷ ಕಂಡದ್ದು ಕಂಡದ್ದಲ್ಲ ಅನ್ನಿಸಿತು. ಪಕ್ಕದಲ್ಲಿ ಮೊಮ್ಮಗಳು ಎರಡೂ ಕೈ ಮೇಲೆತ್ತಿ ನಗುತ್ತಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು. ಗಾಳಿಗೆ.

ಇಳಿದ ಮೇಲೆ ನಾನು ಚಪ್ಪಲಿ ಹುಡುಕಿ ಹಾಕಿಕೊಂಡೆ. ಅಷ್ಟರಲ್ಲಿ ಮೊಮ್ಮಗಳು ಅಜ್ಜಿಯನ್ನೂ ಹಡಗಿನವನನ್ನೂ ಎದುರಿಗೆ ನಿಲ್ಲಿಸಿಕೊಂಡು ಶುರು ಮಾಡಿದ್ದಳು.

"ಹತ್ತು ತೆಂಗಿನಮರ ಎತ್ತರ ಹೋಯ್ತು ಅಜ್ಜೀ! ಮೇಲಿಂದ ನಮ್ಮನೆ ಕಂಡ್ತು. ಅಂಗಳದಲ್ಲಿ ಅಮ್ಮ ಬಟ್ಟೆ ಒಣಗಿಸ್ತಾ ಇದ್ಲು. ಅಜ್ಜ ಹೆದರಿ ನಿನ್ನ ಹೆಸರು ಕರೆದು ಕರೆದು ಅತ್ತ. ನಾನೇ ಒಂದು ಕೈಯಲ್ಲಿ ಹಡಗು ಹಿಡ್ಕೊಂಡೆ, ಇನ್ನೊಂದು ಕೈಯಲ್ಲಿ ಅಜ್ಜನ್ನ ಹಿಡ್ಕೊಂಡೆ!"

ಹಡಗಿನವನ ಮುಖ ಮತ್ತೆ ಅರಳಿತು. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಖರೇನವಾ?"

ನಾನು ಓಡಿಬಂದೆ. "ಹತ್ತು ಎಲ್ಲಿಂದ ಬಂತು ತಂಗೀ? ಹೆಚ್ಚಂದ್ರೆ ಎರಡು ತೆಂಗಿನಮರ. ಮೋಡದ ದಿನ ಇಲ್ಲಿಂದ ಭಾವಿಕೇರಿ ಕಾಣೂದು ಹ್ಯಾಂಗೆ? ಮತ್ತೆ ನಾನು ಅಳಲಿಲ್ಲ, ಅದು ಗಾಳಿ..."

ಜೀವಮಾನದಲ್ಲಿ ಮೊದಲನೇ ಸಲ ನಾನು ಮರ ಕಡಿಮೆ ಮಾಡಿ ಹೇಳಿದ್ದು. ಹೆಂಡತಿ ಮೊಮ್ಮಗಳ ಒದ್ದೆ ತಲೆಯನ್ನು ಸೆರಗಿನಿಂದ ಒರೆಸುತ್ತ, ನನ್ನ ಕಡೆ ತಿರುಗದೆ ಹೇಳಿದಳು:

"ನೀವು ಸುಮ್ನಿರಿ. ಈಗಷ್ಟೇ ಊರ ಎದುರಿಗೆ ಒಪ್ಪಿಕೊಂಡಾಯ್ತಲ್ಲ. ಮತ್ತೆ ಸುಳ್ಳು ಶುರು ಮಾಡೂದು ಬೇಡ."